ಸಿಡಿಲಿಗಿಂತ ಮೊದಲು ಜೇಬು ತಲುಪಬೇಕಾದ ಸಂದೇಶ

ಯುಗಾದಿ ಕಳೆದು ಬಿಸಿಲು ಏರತೊಡಗಿತೆಂದರೆ ಕರ್ನಾಟಕದ ಆಕಾಶಕ್ಕೆ ಒಂದು ದಿನಚರಿ ಶುರುವಾಗುತ್ತದೆ. ಬೆಳಗ್ಗೆಯೆಲ್ಲ ಸುಡುಬಿಸಿಲು, ಮಧ್ಯಾಹ್ನ ದಾಟಿದ ಮೇಲೆ ಮೋಡ, ಸಂಜೆ ಗುಡುಗು ಮಳೆ. ಮುಂಗಾರಿಗೆ ಮುಂಚಿನ ಈ ಮಳೆ ಉಳುಮೆಗೆ ಬೇಕೇ ಬೇಕು. ಅದರ ಬೆನ್ನಿಗೇ ಬರುವ ಸಿಡಿಲು ಮಾತ್ರ ಹೊಲದಲ್ಲಿರುವವರ, ಕುರಿ ಕಾಯುವವರ ಪ್ರಾಣಕ್ಕೆ ಎರವಾಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ ಪ್ರಕೃತಿ ವಿಕೋಪಗಳಿಗೆ ಬಲಿಯಾದವರು 8,060 ಮಂದಿ. ಅವರಲ್ಲಿ 2,887 ಮಂದಿ ಸತ್ತದ್ದು ಸಿಡಿಲು ಬಡಿದು. ಪ್ರವಾಹವಾಗಲಿ, ಬಿಸಿಗಾಳಿಯಾಗಲಿ ಆ ವರ್ಷ ಅಷ್ಟು ಜೀವ ತೆಗೆಯಲಿಲ್ಲ.

ಹಾಗೆಂದು ಸಿಡಿಲು ಕದ್ದುಮುಚ್ಚಿ ಬರುವ ವೈರಿಯೇನಲ್ಲ. ತಾನು ಎಲ್ಲಿದ್ದೇನೆಂದು ನೂರಾರು ಕಿಲೋಮೀಟರ್ ದೂರದವರೆಗೆ ಸಾರಿಕೊಂಡೇ ಬರುತ್ತದೆ. ಆ ಸುಳಿವನ್ನು ಹಿಡಿಯುವ ಯಂತ್ರಗಳು ನಮ್ಮಲ್ಲಿವೆ. ಅವು ಹಿಡಿದದ್ದನ್ನು ಅಪಾಯದ ಜಾಗದಲ್ಲಿರುವವರ ಫೋನಿಗೆ, ಅವರಿಗಷ್ಟೇ, ಸಮಯ ಮೀರುವ ಮುನ್ನ ಮುಟ್ಟಿಸುವುದೇ ನಿಜವಾದ ಕಷ್ಟ.

ಮೊದಲು ಹಿಡಿಯುವ ಬಗೆ ನೋಡೋಣ. ಮಿಂಚಿದಾಗ ಬೆಳಕಿನ ಜೊತೆಗೆ ರೇಡಿಯೊ ಅಲೆಗಳೂ ಹೊಮ್ಮುತ್ತವೆ. ಗುಡುಗು ಮಳೆಯ ಹೊತ್ತಿನಲ್ಲಿ ಹಳೆಯ ರೇಡಿಯೊಗಳು ಕರಕರ ಎನ್ನುತ್ತಿದ್ದುದು ಇದೇ ಕಾರಣಕ್ಕೆ. ಈ ಅಲೆಗಳ ವೇಗ ಬೆಳಕಿನದೇ ವೇಗ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಲ್ಲಿ, ಅಂದರೆ ಒಂದು ಮೈಕ್ರೋಸೆಕೆಂಡಿನಲ್ಲಿ, ಅವು ಸುಮಾರು 300 ಮೀಟರ್ ಸಾಗುತ್ತವೆ. ದೂರದೂರದ ಊರುಗಳಲ್ಲಿ ನಿಲ್ಲಿಸಿದ ಸಂವೇದಕಗಳು ಒಂದೇ ಮಿಂಚಿನ ಅಲೆಯನ್ನು ಬೇರೆ ಬೇರೆ ಗಳಿಗೆಯಲ್ಲಿ ಕೇಳಿಸಿಕೊಳ್ಳುತ್ತವೆ. ಪ್ರತಿ ಸಂವೇದಕದ ಗಡಿಯಾರವೂ ಜಿಪಿಎಸ್ ಉಪಗ್ರಹಗಳ ಸಮಯಕ್ಕೆ ಹೊಂದಿಕೊಂಡಿರುವುದರಿಂದ ಆ ವ್ಯತ್ಯಾಸವನ್ನು ಮೈಕ್ರೋಸೆಕೆಂಡುಗಳ ಲೆಕ್ಕದಲ್ಲಿ ಅಳೆಯಬಹುದು. ನಾಲ್ಕೈದು ಸಂವೇದಕಗಳ ಸಮಯ ಸಿಕ್ಕರೆ ಮಿಂಚು ಎಲ್ಲಿ, ಯಾವಾಗ ಹೊಳೆಯಿತೆಂದು ಗಣಿತ ಹೇಳಿಬಿಡುತ್ತದೆ.

ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ದೇಶದಾದ್ಯಂತ ಇಂಥ ಎಂಬತ್ತಕ್ಕೂ ಹೆಚ್ಚು ಸಂವೇದಕಗಳ ಜಾಲ ಕಟ್ಟಿದೆ. ಅದರ ‘ದಾಮಿನಿ’ ಆ್ಯಪ್, ಫೋನು ಇರುವ ಜಾಗದಿಂದ 20 ಮತ್ತು 40 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮಿಂಚು ಕಂಡರೆ ಎಚ್ಚರಿಸುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ‘ಸಿಡಿಲು’ ಎಂಬ ಹೆಸರಿನಲ್ಲೇ ಒಂದು ಆ್ಯಪ್ ಹೊರತಂದಿದೆ.

20 ಕಿಲೋಮೀಟರ್ ದೂರ ಯಾಕೆ ಬೇಕು? ಗಾಳಿಯ ಜೊತೆ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬರುತ್ತಿರುವ ಮೋಡಕ್ಕೆ ಆ ದೂರ ಕ್ರಮಿಸಲು ಅರ್ಧ ಗಂಟೆ ಹಿಡಿಯುತ್ತದೆ. ದನ ಬಿಚ್ಚಿಕೊಂಡು ಮನೆ ಸೇರಲು ಅಷ್ಟು ಸಾಕು. ಆದರೆ ಎಲ್ಲ ಮೋಡಗಳೂ ದೂರದಿಂದ ನಡೆದು ಬರುವುದಿಲ್ಲ, ಕೆಲವು ನೆತ್ತಿಯ ಮೇಲೇ ಬೆಳೆದು ನಿಲ್ಲುತ್ತವೆ. ಆಗ ನೆರವಿಗೆ ಬರುವುದು ಮೋಡದೊಳಗಿನ ಮಿಂಚು. ಬಹಳಷ್ಟು ಗುಡುಗು ಮೋಡಗಳಲ್ಲಿ ನೆಲಕ್ಕೆ ಮೊದಲ ಸಿಡಿಲು ಇಳಿಯುವ ಕೆಲವು ನಿಮಿಷ ಮುಂಚೆಯೇ ಒಳಗೊಳಗೆ ಮಿಂಚಾಟ ಶುರುವಾಗಿರುತ್ತದೆ. ಅದನ್ನೂ ಹಿಡಿಯಬಲ್ಲ ಸಂವೇದಕವಿದ್ದರೆ ಆ ಕೆಲವು ನಿಮಿಷಗಳು ನಮ್ಮ ಪಾಲಿಗೆ ಸಿಗುತ್ತವೆ. ಅಷ್ಟರೊಳಗೆ ಸಂದೇಶ ಫೋನು ಮುಟ್ಟಬೇಕು.

ಸಂವೇದಕಗಳಿಂದ ಬರುವ ದತ್ತಾಂಶ ನಿಲ್ಲದೆ ಹರಿಯುತ್ತಿರುತ್ತದೆ. ಇಂಥ ಹರಿವನ್ನು ನಿಭಾಯಿಸುವ ತಂತ್ರಾಂಶಗಳಲ್ಲಿ ‘ಕಾಫ್ಕಾ’ ಹೆಸರುವಾಸಿ. ಲಿಂಕ್ಡ್‌ಇನ್ ಎಂಜಿನಿಯರುಗಳು ತಮ್ಮ ಕೆಲಸಕ್ಕೆಂದು ಕಟ್ಟಿಕೊಂಡಿದ್ದ ಇದು 2011ರಿಂದ ಎಲ್ಲರಿಗೂ ಮುಕ್ತವಾಗಿದೆ. ಬಂದ ಪ್ರತಿ ಘಟನೆಯನ್ನೂ ಅದು ಸರತಿಯಲ್ಲಿ ಬರೆದಿಡುತ್ತದೆ. ಓದುವ ತಂತ್ರಾಂಶಗಳು ಎಷ್ಟಾದರೂ ಇರಬಹುದು, ತಾನು ಎಲ್ಲಿಯವರೆಗೆ ಓದಿದೆನೆಂಬುದನ್ನು ಪ್ರತಿಯೊಂದೂ ಗುರುತಿಟ್ಟುಕೊಂಡು ತನ್ನ ಪಾಡಿಗೆ ಓದುತ್ತದೆ. ಒಂದು ನಕ್ಷೆ ಬಿಡಿಸುತ್ತಿರುತ್ತದೆ, ಇನ್ನೊಂದು ಸಂಶೋಧಕರಿಗಾಗಿ ಕೂಡಿಡುತ್ತಿರುತ್ತದೆ. ಫೋನಿಗೆ ಎಚ್ಚರಿಕೆ ಕಳಿಸುವ ಹೊಸ ಸೌಲಭ್ಯ ಬೇಕೆನಿಸಿದರೆ ಹಳೆಯದನ್ನು ಮುಟ್ಟದೆ ಮತ್ತೊಂದು ಓದುಗ ತಂತ್ರಾಂಶ ಸೇರಿಸಿದರಾಯಿತು.

ಕೇಳಲು ಇಷ್ಟೇ ಸರಳ. ಆದರೆ ಜೋರು ಗುಡುಗು ಮಳೆಯಲ್ಲಿ ನಿಮಿಷಕ್ಕೆ ಹತ್ತಾರು ಮಿಂಚು ಹೊಳೆಯುತ್ತವೆ. ಮಿಂಚಿಗೊಂದು ಸಂದೇಶ ಕಳಿಸಿದರೆ ಫೋನು ಬಡಬಡಿಸುತ್ತಲೇ ಇರುತ್ತದೆ, ಬಳಕೆದಾರ ಬೇಸತ್ತು ಆ್ಯಪನ್ನೇ ಅಳಿಸುತ್ತಾನೆ. ಹಾಗಾಗಿ ಹರಿವಿಗೂ ಫೋನಿಗೂ ನಡುವೆ ನೆನಪಿನ ಶಕ್ತಿಯಿರುವ ಒಂದು ಘಟ್ಟ ಬೇಕು. ಅದು ನೆಲವನ್ನೆಲ್ಲ ಸಣ್ಣ ಸಣ್ಣ ಕೋಶಗಳಾಗಿ ಹಂಚಿಕೊಂಡು ಒಂದೊಂದರ ಸ್ಥಿತಿಯನ್ನೂ ನೆನಪಿಟ್ಟುಕೊಳ್ಳುತ್ತದೆ: ಶಾಂತ, ಎಚ್ಚರ, ಅಪಾಯ. ಸ್ಥಿತಿ ಬದಲಾದರೆ ಮಾತ್ರ ಸಂದೇಶ ಹೊರಡುತ್ತದೆ. ಒಂದು ಕೋಶ ಆಗಲೇ ಅಪಾಯದಲ್ಲಿದ್ದರೆ ಅಲ್ಲಿನ ನೂರನೆಯ ಮಿಂಚು ಯಾರ ಫೋನನ್ನೂ ಅಲುಗಾಡಿಸುವುದಿಲ್ಲ, ಕೊನೆಯ ಮಿಂಚಿನ ಸಮಯವನ್ನಷ್ಟೇ ತಿದ್ದುತ್ತದೆ. ಕೊನೆಯ ಮಿಂಚಿನಿಂದ 30 ನಿಮಿಷ ಸದ್ದಿಲ್ಲದೆ ಕಳೆದರೆ ಕೋಶ ಮತ್ತೆ ಶಾಂತವಾಗುತ್ತದೆ.

ಭೂಮಿಯನ್ನು ಹೀಗೆ ಹಂಚುವ ಸಿದ್ಧ ವಿಧಾನಗಳೂ ಇವೆ. ಉಬರ್ ಕಂಪನಿ ತನ್ನ ಕ್ಯಾಬುಗಳ ಲೆಕ್ಕಾಚಾರಕ್ಕೆ ರೂಪಿಸಿ 2018ರಲ್ಲಿ ಬಹಿರಂಗಪಡಿಸಿದ ‘ಎಚ್3’ ಭೂಮಿಯನ್ನು ಹೆಚ್ಚುಕಡಿಮೆ ಪೂರ್ತಿ ಷಡ್ಭುಜಗಳಿಂದ ಮುಚ್ಚುತ್ತದೆ. ಚೌಕಕ್ಕಿಂತ ಷಡ್ಭುಜ ಮೇಲು, ಏಕೆಂದರೆ ಅದರ ಆರೂ ನೆರೆಕೋಶಗಳ ಕೇಂದ್ರ ಸರಿಸುಮಾರು ಒಂದೇ ದೂರದಲ್ಲಿರುತ್ತದೆ. ‘ಸುತ್ತ 20 ಕಿಲೋಮೀಟರ್’ ಎಂಬುದನ್ನು ಕೋಶಗಳ ಸುತ್ತುಗಳಲ್ಲೇ ಎಣಿಸಿಬಿಡಬಹುದು.

ಯಾವ ಫೋನು ಯಾವ ಕೋಶದಲ್ಲಿದೆ ಎಂದು ತಿಳಿಯಲು ಎರಡು ದಾರಿ. ಪ್ರತಿ ಫೋನೂ ತಾನಿರುವ ಜಾಗವನ್ನು ಆಗಾಗ ಸರ್ವರಿಗೆ ಹೇಳುವುದು ಒಂದು. ಇದು ನಿಖರ, ಆದರೆ ಲಕ್ಷಾಂತರ ಜನರ ಓಡಾಟದ ಜಾತಕವೆಲ್ಲ ಒಂದೆಡೆ ಜಮೆಯಾಗುತ್ತದೆ. ಇನ್ನೊಂದು ದಾರಿಯಲ್ಲಿ ಫೋನೇ ತನ್ನ ಕೋಶವನ್ನು ಲೆಕ್ಕಹಾಕಿ, ಆ ಕೋಶದ ಸುದ್ದಿಗೆ ಮಾತ್ರ ಚಂದಾದಾರನಾಗುತ್ತದೆ. ಕೋಶ ದಾಟಿದಾಗ ಹಳೆಯ ಚಂದಾ ಬಿಟ್ಟು ಹೊಸದನ್ನು ಹಿಡಿಯುತ್ತದೆ. ಖಾಸಗಿತನದ ದೃಷ್ಟಿಯಿಂದ ಇದೇ ಲೇಸು.

ಇನ್ನು ಕೊನೆಯ ಹಂತ. ಸರ್ವರ್ ಯಾವ ಫೋನಿಗೂ ತಾನಾಗಿ ಕರೆ ಮಾಡಲಾರದು. ಮೊಬೈಲ್ ಜಾಲದಲ್ಲಿ ಫೋನಿನ ವಿಳಾಸ ಬದಲಾಗುತ್ತಿರುತ್ತದೆ, ಹೊರಗಿನಿಂದ ನೇರವಾಗಿ ಒಳನುಗ್ಗಲು ಜಾಲ ಬಿಡುವುದೂ ಇಲ್ಲ. ಪ್ರತಿ ಆ್ಯಪೂ ನಿಮಿಷಕ್ಕೊಮ್ಮೆ ‘ಏನಾದರೂ ಇದೆಯೇ’ ಎಂದು ಕೇಳತೊಡಗಿದರೆ ಬ್ಯಾಟರಿ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಆಪಲ್ 2009ರಲ್ಲೂ ಗೂಗಲ್ 2010ರಲ್ಲೂ ತಂದ ಪುಶ್ ಸೇವೆಗಳು ಇದಕ್ಕೆ ಉಪಾಯ ಕಂಡುಕೊಂಡವು. ಫೋನು ಕಂಪನಿಯ ಸರ್ವರಿನ ಜೊತೆ ಒಂದೇ ಒಂದು ಸಂಪರ್ಕವನ್ನು ಸದಾ ತೆರೆದಿಟ್ಟಿರುತ್ತದೆ, ಎಲ್ಲ ಆ್ಯಪುಗಳ ಸುದ್ದಿಯೂ ಆ ಒಂದೇ ಹಾದಿಯಲ್ಲಿ ಬರುತ್ತದೆ. ಆ್ಯಪಿಗೂ ಫೋನಿಗೂ ಸೇರಿ ‘ಟೋಕನ್’ ಎಂಬ ಉದ್ದನೆಯ ಸಂಕೇತವೊಂದನ್ನು ಕೊಡಲಾಗುತ್ತದೆ. ಎಚ್ಚರಿಕೆ ಕಳಿಸುವ ಸರ್ವರಿಗೆ ಗೊತ್ತಿರಬೇಕಾದ ವಿಳಾಸ ಅದೊಂದೇ. ಒಂದು ಸಂದೇಶದ ಗಾತ್ರ ಸುಮಾರು 4 ಕಿಲೋಬೈಟ್ ಮೀರುವಂತಿಲ್ಲ. ಸಿಡಿಲಿನ ಎಚ್ಚರಿಕೆಗೆ ಅದು ಧಾರಾಳ.

ಆದರೆ ಫೋನು ನಿದ್ದೆ ಮಾಡುತ್ತದೆ. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ, ಅಲುಗಾಡದೆ ಪರದೆ ಆರಿ ಬಿದ್ದಿರುವ ಫೋನು ‘ಡೋಜ್’ ಎಂಬ ಸ್ಥಿತಿಗೆ ಜಾರುತ್ತದೆ. ಆಗ ಸಾಮಾನ್ಯ ಸಂದೇಶಗಳು ಫೋನು ಮತ್ತೆ ಕಣ್ಣು ಬಿಡುವವರೆಗೆ ಕಾಯಬೇಕು. ಬದುವಿನ ಮೇಲಿಟ್ಟ ಅಂಗಿಯ ಜೇಬಿನಲ್ಲಿರುವುದು ಇಂಥದ್ದೇ ಫೋನು. ಕಳಿಸುವವರು ಸಂದೇಶಕ್ಕೆ ‘ಹೆಚ್ಚಿನ ಆದ್ಯತೆ’ ಎಂಬ ಗುರುತು ಹಾಕಿದರೆ ಮಾತ್ರ ಅದು ಫೋನನ್ನು ತಕ್ಷಣ ಎಬ್ಬಿಸುತ್ತದೆ. ಐಫೋನಿನಲ್ಲಿ ಸೈಲೆಂಟ್ ಮಾಡಿದ್ದರೂ ಸದ್ದು ಮಾಡಬಲ್ಲ ‘ಕ್ರಿಟಿಕಲ್ ಅಲರ್ಟ್’ ಸೌಲಭ್ಯ 2018ರಿಂದ ಇದೆ, ಆದರೆ ಆ್ಯಪ್ ತಯಾರಕರು ಅದಕ್ಕೆ ಆಪಲ್‌ನಿಂದ ಪ್ರತ್ಯೇಕ ಅನುಮತಿ ಪಡೆಯಬೇಕು.

ಇದಕ್ಕಿಂತ ಅಪಾಯಕಾರಿಯಾದದ್ದು ಹಳಸಿದ ಎಚ್ಚರಿಕೆ. ಗೂಗಲ್‌ನ ಈಗಿನ ಪುಶ್ ಸೇವೆ, ಸಿಗ್ನಲ್ ಇಲ್ಲದ ಫೋನಿನ ಸಂದೇಶವನ್ನು ಕಾದಿಟ್ಟು ಆಮೇಲೆ ತಲುಪಿಸುತ್ತದೆ. ಎಷ್ಟು ಹೊತ್ತು ಕಾಯಬೇಕೆಂದು ಹೇಳದಿದ್ದರೆ ಗರಿಷ್ಠ 4 ವಾರ ಇಟ್ಟುಕೊಂಡಿರುತ್ತದೆ. ಮದುವೆಯ ಆಮಂತ್ರಣಕ್ಕೆ ಅದು ಸರಿ. ಮಲೆನಾಡಿನ ಕಣಿವೆಯಲ್ಲಿ ಸಿಗ್ನಲ್ ತಪ್ಪಿಸಿಕೊಂಡ ಫೋನಿಗೆ ಮರುದಿನ ಬಿಸಿಲಿನಲ್ಲಿ ‘ಈಗ ಸಿಡಿಲು, ಒಳಗೆ ಹೋಗಿ’ ಎಂದು ಬಂದರೆ ಜನ ನಂಬಿಕೆ ಕಳೆದುಕೊಳ್ಳುತ್ತಾರೆ, ಮುಂದಿನ ನಿಜವಾದ ಎಚ್ಚರಿಕೆಯನ್ನೂ ಲೆಕ್ಕಿಸುವುದಿಲ್ಲ. ಆದ್ದರಿಂದ ಇಂಥ ಸಂದೇಶಕ್ಕೆ ಹತ್ತೋ ಹದಿನೈದೋ ನಿಮಿಷದ ಆಯುಷ್ಯ ನಿಗದಿ ಮಾಡಬೇಕು. ಅಷ್ಟರಲ್ಲಿ ತಲುಪದಿದ್ದರೆ ಅದು ದಾರಿಯಲ್ಲೇ ಇಲ್ಲವಾಗಲಿ. ಕಾಯುತ್ತಿರುವ ಹಳೆಯ ಸಂದೇಶದ ಜಾಗಕ್ಕೆ ಹೊಸದನ್ನು ಕೂರಿಸುವ ಏರ್ಪಾಡೂ ಇದೆ. ಎರಡನ್ನೂ ಬಳಸಿದರೆ ಫೋನಿಗೆ ಸಿಗುವುದು ಕಟ್ಟಕಡೆಯ ಸ್ಥಿತಿ ಮಾತ್ರ.

ಸಂವೇದಕದ ಸುದ್ದಿಯೇ ತಡವಾಗಿ ಬಂದರೆ? ಮಿಂಚು ಹೊಳೆದ ಸಮಯ ಬೇರೆ, ಅದರ ಸುದ್ದಿ ಸರ್ವರಿಗೆ ಮುಟ್ಟಿದ ಸಮಯ ಬೇರೆ. ಯಾವುದೋ ಸಂವೇದಕದ ಇಂಟರ್ನೆಟ್ ಇಪ್ಪತ್ತು ನಿಮಿಷ ಕೈಕೊಟ್ಟು ಮರಳಿದಾಗ ಹಳೆಯ ಮಿಂಚುಗಳೆಲ್ಲ ಒಟ್ಟಿಗೆ ಬಂದು ಬೀಳುತ್ತವೆ. ಮುಟ್ಟಿದ ಸಮಯವನ್ನೇ ನಂಬುವ ತಂತ್ರಾಂಶ ಅವನ್ನು ಈಗಿನ ಮಿಂಚೆಂದು ಬಗೆದು ಊರಿಗೆಲ್ಲ ಸುಳ್ಳು ಎಚ್ಚರಿಕೆ ಕಳಿಸುತ್ತದೆ. ಹಾಗೆಯೇ, ಸಂದೇಶ ಹೋಯಿತೋ ಇಲ್ಲವೋ ಎಂಬ ಅನುಮಾನ ಬಂದರೆ ಇಂಥ ವ್ಯವಸ್ಥೆಗಳು ಮತ್ತೊಮ್ಮೆ ಕಳಿಸುತ್ತವೆ. ಪ್ರತಿ ಎಚ್ಚರಿಕೆಗೂ ಒಂದು ಗುರುತಿನ ಸಂಖ್ಯೆ ಇದ್ದರೆ ಫೋನು ಎರಡನೆಯ ಪ್ರತಿಯನ್ನು ಗುರುತು ಹಿಡಿದು ಸುಮ್ಮನೆ ಬಿಟ್ಟುಬಿಡುತ್ತದೆ.

ಪುಶ್ ಸಂದೇಶವೆಂದರೆ ವಿಳಾಸ ಬರೆದ ಕಾಗದ, ಸರ್ಕಾರಗಳು ಬಳಸುವ ಸೆಲ್ ಬ್ರಾಡ್‌ಕಾಸ್ಟ್ ಎಂದರೆ ಊರ ಡಂಗೂರ. ಎರಡನೆಯದಕ್ಕೆ ಆ್ಯಪೂ ಬೇಡ, ಟೋಕನ್ನೂ ಬೇಡ. ಗೋಪುರದ ವ್ಯಾಪ್ತಿಯಲ್ಲಿರುವ, ಆ ಸೌಲಭ್ಯವಿರುವ ಫೋನುಗಳೆಲ್ಲ ಒಟ್ಟಿಗೇ ಕೂಗುತ್ತವೆ. 2023ರ ಅಕ್ಟೋಬರ್ 12ರಂದು ಕರ್ನಾಟಕದ ಫೋನುಗಳು ಇದ್ದಕ್ಕಿದ್ದಂತೆ ಬೊಬ್ಬೆ ಹೊಡೆದದ್ದು ಈ ವ್ಯವಸ್ಥೆಯ ಪರೀಕ್ಷೆಗಾಗಿ. ಇಷ್ಟು ದೊಡ್ಡ ದನಿ ತಪ್ಪಿದರೆ ಏನಾಗುತ್ತದೆಂಬುದನ್ನು ಹವಾಯಿ ದ್ವೀಪದವರು ಕಂಡಿದ್ದಾರೆ. 2018ರ ಜನವರಿ 13ರ ಬೆಳಗ್ಗೆ ಕ್ಷಿಪಣಿ ದಾಳಿಯ ಸುಳ್ಳು ಎಚ್ಚರಿಕೆ ಅಲ್ಲಿನ ಫೋನುಗಳಿಗೆ ಹೋಯಿತು. ಅದು ತಪ್ಪೆಂದು ತಿಳಿಸುವ ಸಂದೇಶ ಫೋನುಗಳಿಗೆ ಬಂದದ್ದು 38 ನಿಮಿಷಗಳ ಮೇಲೆ. ಎಚ್ಚರಿಕೆಯನ್ನು ಹಿಂತೆಗೆದುಕೊಳ್ಳುವ ಗುಂಡಿಯನ್ನೂ ಮೊದಲ ದಿನವೇ ಇಡಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಇಷ್ಟೆಲ್ಲ ಸರಿಯಿದ್ದರೂ ಪುಶ್ ಸೇವೆ ಸಂದೇಶವನ್ನು ಒಪ್ಪಿಕೊಂಡಿತೆಂದರೆ ಮನುಷ್ಯ ಅದನ್ನು ಓದಿದನೆಂದಲ್ಲ. ಆ್ಯಪ್ ಅಳಿಸಿದ್ದರೆ ಟೋಕನ್ ಸತ್ತಿದೆಯೆಂಬ ಉತ್ತರ ಬರುತ್ತದೆ, ಪಟ್ಟಿಯಿಂದ ಅದನ್ನು ತೆಗೆಯಬಹುದು. ಆದರೆ 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದ ಆ್ಯಪುಗಳು ನೋಟಿಫಿಕೇಶನ್ ತೋರಿಸಲು ಬಳಕೆದಾರರ ಒಪ್ಪಿಗೆ ಕೇಳಲೇಬೇಕು. ಅವಸರದಲ್ಲಿ ‘ಬೇಡ’ ಎಂದು ಒತ್ತಿದವರ ಫೋನಿಗೆ ಸಂದೇಶ ಬಂದರೂ ಪರದೆಯ ಮೇಲೆ ಕಾಣುವುದಿಲ್ಲ. ಬ್ಯಾಟರಿ ಉಳಿಸುವ ಹೆಸರಿನಲ್ಲಿ ಹಿನ್ನೆಲೆಯ ಆ್ಯಪುಗಳನ್ನು ಮುಚ್ಚಿಹಾಕುವ ಫೋನುಗಳೂ ಉಂಟು.

ಆದ್ದರಿಂದ ಮುಂಗಾರಿಗೆ ಮುನ್ನ ಓದುಗರು ಮಾಡಬಹುದಾದ ಕೆಲಸ ಸಣ್ಣದು. ಮನೆಯಲ್ಲಿ ಹೊಲಕ್ಕೆ ಹೋಗುವವರ ಫೋನು ತೆಗೆದುಕೊಂಡು ಸಿಡಿಲಿನ ಆ್ಯಪಿಗೆ ನೋಟಿಫಿಕೇಶನ್ ಮತ್ತು ಲೊಕೇಶನ್ ಒಪ್ಪಿಗೆ ಇದೆಯೇ ನೋಡಿ, ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಅದನ್ನು ಹೊರಗಿಡಿ. ಆ್ಯಪ್ ಇಲ್ಲದವರಿಗೆ ಲೆಕ್ಕ ಕಲಿಸಿ: ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಅದು ಹತ್ತು ಕಿಲೋಮೀಟರ್ ಒಳಗಿದೆ. ಮರದಡಿ ನಿಲ್ಲದೆ ಗಟ್ಟಿ ಕಟ್ಟಡ ಸೇರಬೇಕು, ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಗೆ ಬರಬಾರದು.