ಹದಿಹರೆಯದ ಹದಿನೇಳು

ಹೈಕು ಜಪಾನಿನ ಪುಟ್ಟ ಕವಿತೆ; ಎಣಿಕೆ 5-7-5, ಒಟ್ಟು 17. ಸೆನ್ರ್ಯೂ ಅದರ ತುಂಟ ತಮ್ಮ, ಎಣಿಕೆ ಅದೇ. ಹೈಕುವಿನಲ್ಲಿ ಋತುವನ್ನು ಸೂಚಿಸುವ ಒಂದು ಪದ ಇರಬೇಕು, ಅದನ್ನು ‘ಕಿಗೊ’ ಎನ್ನುತ್ತಾರೆ. ನಡುವೆ ಎಲ್ಲೋ ಒಂದು ಕಡಿತವೂ ಬೇಕು. ಸೆನ್ರ್ಯೂಗೆ ಎರಡರ ಹಂಗೂ ಇಲ್ಲ. ಮನುಷ್ಯನ ಪೇಚಾಟವೊಂದಿದ್ದರೆ ಸಾಕು. ‘ಹೈಕು’ ಎಂಬ ಹೆಸರನ್ನು ನೆಲೆಗೊಳಿಸಿದವನು ಮಸಾವೊಕ ಶಿಕಿ (1867–1902). ಸೆನ್ರ್ಯೂ ಮಾತ್ರ ವ್ಯಕ್ತಿಯೊಬ್ಬನ ಹೆಸರು: ಕರಾಯ್ ಸೆನ್ರ್ಯೂ (1718–1790) ಪದ್ಯಸ್ಪರ್ಧೆಗಳ ತೀರ್ಪುಗಾರನಾಗಿದ್ದ. ಅವನು ಆರಿಸಿದ ಪದ್ಯಗಳ ಸಂಕಲನ 1765ರಲ್ಲಿ ಬಂದ ಮೇಲೆ ಪ್ರಕಾರಕ್ಕೇ ಅವನ ಹೆಸರು ಅಂಟಿಕೊಂಡಿತು. ವ್ಯಾಖ್ಯೆ ಇಷ್ಟು ಸಾಕು.

ಹದಿನೇಳು ಏನು?

ನಮ್ಮವರು ಎಡವುವುದು ಇಲ್ಲಿ. ‘ಹದಿನೇಳು ಅಕ್ಷರ’ ಎಂದು ಬರೆದುಕೊಂಡು ಬೆರಳು ಮಡಚುತ್ತಾರೆ. ಜಪಾನೀಯರು ಎಣಿಸುವುದು ಅಕ್ಷರವನ್ನಲ್ಲ, ಉಚ್ಚಾರದ ಕಾಲವನ್ನು. ಟೋಕ್ಯೋ ನಮ್ಮ ಬರಹದಲ್ಲಿ ಎರಡಕ್ಷರ, ಅವರ ಎಣಿಕೆಯಲ್ಲಿ ನಾಲ್ಕು: ತೊ-ಒ-ಕ್ಯೊ-ಒ. ಜಪಾನಿಗೆ ಅವರದೇ ಹೆಸರಾದ ನಿಪ್ಪೊನ್ ಕೂಡ ನಾಲ್ಕು: ನಿ-ಪ್-ಪೊ-ನ್. ದೀರ್ಘಕ್ಕೆ ಎರಡು, ಒತ್ತಿನ ಅರ್ಧಾಕ್ಷರಕ್ಕೂ ಒಂದು.

ಎಲ್ಲೋ ಕೇಳಿದ ಹಾಗಿದೆಯೇ? ಹೌದು, ಇದು ನಮ್ಮ ಮಾತ್ರೆ! ಲಘುವಿಗೆ ಒಂದು, ಗುರುವಿಗೆ ಎರಡು. ಟೋಕ್ಯೋಗೆ ಪ್ರಸ್ತಾರ ಹಾಕಿ: ಗುರು, ಗುರು, ನಾಲ್ಕು ಮಾತ್ರೆ. ನಿಪ್ಪೊನ್: ಒತ್ತಕ್ಷರದ ಹಿಂದಿನ ‘ನಿ’ ಗುರು, ವ್ಯಂಜನಾಂತ್ಯದ ‘ಪ್ಪೊನ್’ ಗುರು, ಮತ್ತೆ ನಾಲ್ಕು. ಹೈಸ್ಕೂಲಿನಲ್ಲಿ ಶಪಿಸುತ್ತಾ ಕಲಿತ ಛಂದಸ್ಸು ಇಲ್ಲಿ ಹೀಗೆ ಕೈಹಿಡಿಯುವುದು ನನಗಂತೂ ಪ್ರತಿ ಸಲವೂ ಹಬ್ಬ. ಏಳು ಮಾತ್ರೆಯ ನಡೆಯೂ ನಮ್ಮ ಕಿವಿಗೆ ಹೊಸದಲ್ಲ. ಭಾಮಿನಿ ಷಟ್ಪದಿ ಹೆಜ್ಜೆ ಹಾಕುವುದೇ ಮೂರು-ನಾಲ್ಕರ ಗಣಗಳಲ್ಲಿ.

ಅಕ್ಷರ ಎಣಿಸಿ ಬರೆದ ಕನ್ನಡ ಹೈಕು ಸುಲಭವಾಗಿ ಇಪ್ಪತ್ತೈದು ಮಾತ್ರೆ ದಾಟುತ್ತದೆ. ಹೈಕು ತೂಕ ಹೆಚ್ಚಿಸಿಕೊಂಡಂತೆ ಕಾಣುವುದು ಅದಕ್ಕೇ.

ಒಂದು ಕೊಡೆ, ಎರಡು ಕವಿತೆ

ಎರಡನೆಯ ತಪ್ಪು ತಿಳಿವಳಿಕೆ: ಹೈಕು ಎಂದರೆ ಪ್ರಕೃತಿ, ಸೆನ್ರ್ಯೂ ಎಂದರೆ ನಗೆಚಾಟಿಕೆ. ಪಾಠಕ್ಕೆಂದು ನಾನೇ ಕಟ್ಟಿದ ಎರಡು ಪದ್ಯ ನೋಡಿ. ಎರಡರಲ್ಲೂ ಒಂದೇ ಕೊಡೆ, ಒಂದೇ ಸಂಜೆ.

ಮೊದಲ ಮಳೆ—
ಚೀಲದಲಿ ಕೊಡೆ
ಬೆಚ್ಚಗಿದೆ

ಅಕ್ಷರ ಹದಿನೈದು, ಮಾತ್ರೆ ಹದಿನೇಳು. ಮೊದಲ ಸಾಲಿನ ಕೊನೆಯ ಗೆರೆಯೇ ಕಡಿತ. ಜಪಾನಿಯಲ್ಲಿ ಈ ಕೆಲಸಕ್ಕೆ ‘ಯ’, ‘ಕನ’, ‘ಕೆರಿ’ ಮುಂತಾದ ಕಿರುಪದಗಳಿವೆ. ನಮಗೆ ಒಂದು ಗೆರೆ, ಒಂದು ಉಸಿರು. ಮಳೆ ಆ ಕಡೆ, ಕೊಡೆ ಈ ಕಡೆ. ನಡುವೆ ನೆನೆಯುತ್ತಾ ನಡೆದು ಹೋಗುವ ಹುಡುಗಿಯನ್ನು ಹೇಳಿಯೇ ಇಲ್ಲ. ಓದುಗನೇ ಅವಳನ್ನು ತಂದು ನಿಲ್ಲಿಸಬೇಕು. ಇನ್ನೊಂದು:

ನಲ್ಲಿಯಡಿ
ಕೊಡೆಗೂ ಸ್ನಾನ
ಒಳಗಮ್ಮ

ಇದು ಸೆನ್ರ್ಯೂ. ನೆನೆದು ಬಂದವನು ಬೈಗುಳಕ್ಕೆ ಹೆದರಿ ಸಾಕ್ಷ್ಯ ಸೃಷ್ಟಿಸುತ್ತಿದ್ದಾನೆ. ಇಲ್ಲಿ ನಗು ಬಂದದ್ದು ನಗೆಚಾಟಿಕೆಯಿಂದಲ್ಲ, ನಾವೂ ಹಾಗೆ ಮಾಡಿದವರೇ ಎಂಬ ಗುರುತಿನಿಂದ. ಹೈಕು ಮನುಷ್ಯನನ್ನು ಬಿಟ್ಟಿಲ್ಲ, ಸೆನ್ರ್ಯೂ ಮಳೆಯನ್ನು ಬಿಟ್ಟಿಲ್ಲ. ವ್ಯತ್ಯಾಸವಿರುವುದು ಕಣ್ಣು ಎಲ್ಲಿ ನಿಂತಿದೆ ಎಂಬುದರಲ್ಲಿ.

ಮತ್ಸುಯಾಮದ ಪಂದ್ಯ

ಹದಿಹರೆಯದವರು ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳಬಲ್ಲರು ಎಂಬುದಕ್ಕೆ ಶಿಕಿಯ ಹುಟ್ಟೂರು ಮತ್ಸುಯಾಮವೇ ಸಾಕ್ಷಿ. 1998ರಿಂದ ಅಲ್ಲಿ ಆಗಸ್ಟ್ ತಿಂಗಳಲ್ಲಿ ಪ್ರೌಢಶಾಲಾ ಮಕ್ಕಳ ‘ಹೈಕು ಕೋಶಿಯೆನ್’ ನಡೆಯುತ್ತಿದೆ. ಕೋಶಿಯೆನ್ ಎಂಬುದು ಶಾಲಾ ಬೇಸ್‌ಬಾಲ್ ಪಂದ್ಯಾವಳಿಗೆ ಹೆಸರಾದ ಕ್ರೀಡಾಂಗಣ. ಶಿಕಿಗೂ ಬೇಸ್‌ಬಾಲ್ ಹುಚ್ಚು. 2002ರಲ್ಲಿ ಜಪಾನಿನ ಬೇಸ್‌ಬಾಲ್ ಗೌರವಪಟ್ಟಿಗೇ ಅವನ ಹೆಸರು ಸೇರಿತು. ಕವಿಗೆ ಇಂಥ ಯೋಗ ಎಲ್ಲಿಯದು!

ತಂಡಕ್ಕೆ ಐವರು. ಕೊಟ್ಟ ವಸ್ತುವಿನ ಮೇಲೆ ಎರಡೂ ತಂಡ ಒಂದೊಂದು ಹೈಕು ಓದುತ್ತವೆ. ಆಮೇಲೆ ಎದುರಾಳಿಗಳ ಪ್ರಶ್ನೆ: ಈ ಪದ ಯಾಕೆ? ಇದನ್ನು ತೆಗೆದರೆ ಏನು ನಷ್ಟ? ಬರೆದದ್ದು ಚೆನ್ನಾಗಿದ್ದರೆ ಸಾಲದು, ಓದಿದ್ದನ್ನು ಬಗೆದು ನೋಡುವುದಕ್ಕೂ ಅಂಕವಿದೆ. ಕೊನೆಗೆ ತೀರ್ಪುಗಾರರು ಕೆಂಪು ಇಲ್ಲವೇ ಬಿಳಿ ಬಾವುಟ ಎತ್ತುತ್ತಾರೆ. ಸೆಕೆಯಲ್ಲಿ ಬೆವರುವ ಮಕ್ಕಳಿಗೆ ಹೈಕು ಪಂಚಾಂಗದ ತಮಾಷೆಯೂ ಗೊತ್ತಿರಬೇಕು: ಆಗಸ್ಟ್ 7-8ರ ಹೊತ್ತಿಗೆ ಅಲ್ಲಿ ಶರದೃತು ಹುಟ್ಟುತ್ತದೆ. ಕಿಗೊಗಳನ್ನು ಪಟ್ಟಿಮಾಡುವ ಸಂಪ್ರದಾಯದ ಋತುಕೋಶದಲ್ಲಿ ಕಲ್ಲಂಗಡಿ ಕೂಡ ಶರತ್ಕಾಲದ ಹಣ್ಣು!

ಇಷ್ಟೆಲ್ಲ ಕಟ್ಟು ಬೇಡವೆನ್ನುವವರಿಗೆ ಇನ್ನೊಂದು ಬಾಗಿಲಿದೆ. ಇತೊ-ಎನ್ ಎಂಬ ಚಹಾ ಕಂಪನಿ 1989ರಿಂದ ಹೈಕು ಸ್ಪರ್ಧೆ ನಡೆಸಿ, ಗೆದ್ದವನ್ನು ಬಾಟಲಿಯ ಮೇಲೆ ಮುದ್ರಿಸುತ್ತದೆ. ಅಲ್ಲಿ ಕಿಗೊ ಕಡ್ಡಾಯವಲ್ಲ. ಶಾಲಾ ಮಕ್ಕಳಿಗೆ ಬೇರೆ ವಿಭಾಗಗಳೇ ಇವೆ.

ಇಲ್ಲಿಂದ ಮುಂದೆ

ಜಪಾನಿನ ಋತುಕೋಶಕ್ಕೆ ‘ಸೈಜಿಕಿ’ ಎಂದು ಹೆಸರು. ಹೂವು, ಹುಳು, ತಿಂಡಿ, ಹಬ್ಬ ಎಲ್ಲಕ್ಕೂ ಅದರಲ್ಲಿ ಒಂದೊಂದು ಋತು ನಿಗದಿ. ಅಶ್ವಿನಿ, ಭರಣಿ, ಆರಿದ್ರಾ ಎಂದು ಮಳೆಗೇ ಹೆಸರಿಟ್ಟು ಕರೆದವರು ನಾವು. ನಮ್ಮ ಬೇಸಿಗೆಯ ಹಪ್ಪಳ, ಜೂನ್ ತಿಂಗಳ ಹೊಸ ಪುಸ್ತಕದ ವಾಸನೆ, ಸಂಕ್ರಾಂತಿಯ ಅವರೆಕಾಯಿ ಇವಕ್ಕೆಲ್ಲ ಒಂದು ಕನ್ನಡ ಋತುಕೋಶ ಬೇಕು. ಹತ್ತನೆಯ ತರಗತಿಯ ಮಕ್ಕಳು ತಮ್ಮ ಅಜ್ಜಿಯರನ್ನು ಕೇಳಿ ಕೇಳಿ ಅದನ್ನು ಶುರುಮಾಡಬಹುದು. ಮೇಷ್ಟರೇ, ಮೇಡಮ್ಮನವರೇ, ಈ ವರ್ಷ ಛಂದಸ್ಸಿನ ಪಾಠ ಬಂದಾಗ ಒಂದು ಪೀರಿಯಡ್ ಇದಕ್ಕೆ ಬಿಟ್ಟುಕೊಡಿ.