ಹೃದಯ ವೈಫಲ್ಯವುಳ್ಳವರಲ್ಲಿ ನಿದ್ರೆಯ ವೇಳೆಯ ಉಸಿರಾಟದ ತೊಂದರೆಗಳು

ದೇಹಕ್ಕೆ ಅಗತ್ಯವಿರುವಷ್ಟು ರಕ್ತವನ್ನು ಹೃದಯವು ಪೂರೈಸಲಾಗದ ಸ್ಥಿತಿಯನ್ನು ಹೃದಯ ವೈಫಲ್ಯ ಎನ್ನಲಾಗುತ್ತದೆ. ಈ ರೋಗವುಳ್ಳ ಹಲವರಲ್ಲಿ ನಿದ್ರೆಯ ವೇಳೆ ಉಸಿರಾಟವು 10 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಕಾಲ ಪದೇ ಪದೇ ನಿಲ್ಲುತ್ತಿರುತ್ತದೆ. ಇದಕ್ಕೆ ಸ್ಲೀಪ್ ಆಪ್ನಿಯಾ ಎಂದು ಹೆಸರು. ಇದರಲ್ಲಿ ಎರಡು ವಿಧಗಳಿದ್ದು, ಯಾವ ವಿಧವೆಂದು ತಿಳಿಯದೆ ಯಂತ್ರ ಚಿಕಿತ್ಸೆ ಆರಂಭಿಸುವುದು ಅಪಾಯಕರ.

ಮೊದಲನೆಯದು ಅಡಚಣೆಯ ವಿಧ. ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗವು ಮುಚ್ಚಿಕೊಳ್ಳುತ್ತದೆ. ಜೋರಾದ ಗೊರಕೆ ಇದರ ಸಾಮಾನ್ಯ ಲಕ್ಷಣ. ಹಗಲಿನಲ್ಲಿ ಕಾಲುಗಳಲ್ಲಿ ಸಂಗ್ರಹವಾದ ನೀರಿನಂಶವು ಮಲಗಿದಾಗ ಕುತ್ತಿಗೆಯ ಕಡೆಗೆ ಸರಿಯುವುದರಿಂದಲೂ ಈ ತೊಂದರೆ ಹೆಚ್ಚಬಹುದು.

ಎರಡನೆಯದು ಕೇಂದ್ರೀಯ ವಿಧ. ಇಲ್ಲಿ ಉಸಿರಾಡುವಂತೆ ಮಿದುಳಿನಿಂದ ಬರಬೇಕಾದ ಸೂಚನೆಯೇ ತಾತ್ಕಾಲಿಕವಾಗಿ ನಿಲ್ಲುತ್ತದೆ. ಶ್ವಾಸಕೋಶಗಳಲ್ಲಿ ನೀರಿನಂಶ ಹೆಚ್ಚಿದಾಗ ರೋಗಿಯು ಅಗತ್ಯಕ್ಕಿಂತ ಹೆಚ್ಚು ಉಸಿರಾಡುವುದರಿಂದ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಉಸಿರು ನಿಲ್ಲುತ್ತದೆ. ಅದು ಮತ್ತೆ ಏರಿದರೂ, ರಕ್ತ ಪರಿಚಲನೆ ನಿಧಾನವಾಗಿರುವ ಕಾರಣ ಮಿದುಳಿಗೆ ಆ ಸೂಚನೆ ತಡವಾಗಿ ತಲಪುತ್ತದೆ. ಹೀಗಾಗಿ ಉಸಿರು ಅಲೆಯಂತೆ ಏರಿ, ಇಳಿದು, ನಿಂತು, ಪುನಃ ಆರಂಭವಾಗುತ್ತದೆ. ಡಬ್ಲಿನ್ ನಗರದ ವೈದ್ಯರಾದ ಜಾನ್ ಚೇಯ್ನ್ 1818ರಲ್ಲಿಯೂ ವಿಲಿಯಂ ಸ್ಟೋಕ್ಸ್ 1854ರಲ್ಲಿಯೂ ಇದನ್ನು ವಿವರಿಸಿದ್ದರಿಂದ ಚೇಯ್ನ್-ಸ್ಟೋಕ್ಸ್ ಉಸಿರಾಟವೆಂಬ ಹೆಸರು ಬಂದಿದೆ. ಕೆಲವರಲ್ಲಿ ಎರಡೂ ವಿಧಗಳು ಒಟ್ಟಿಗೆ ಕಂಡುಬರುತ್ತವೆ.

ರೋಗಿಗೆ ಇದು ತಿಳಿಯದೇ ಇರಬಹುದು. ಹೃದಯ ವೈಫಲ್ಯವುಳ್ಳ ಅನೇಕರಿಗೆ ಹಗಲಿನ ತೂಕಡಿಕೆಯೂ ಇರುವುದಿಲ್ಲ. ಆಯಾಸವಿದ್ದರೂ ಅದನ್ನು ಹೃದಯದ ಕಾಯಿಲೆಯದೆಂದೇ ಭಾವಿಸಲಾಗುತ್ತದೆ. ಆದ್ದರಿಂದ ಅದೇ ಕೋಣೆಯಲ್ಲಿ ಮಲಗುವ ಮನೆಯವರ ಮಾತು ವೈದ್ಯರಿಗೆ ಬಹು ಮುಖ್ಯ. ಸಾಧ್ಯವಾದಲ್ಲಿ ಅವರೂ ರೋಗಿಯೊಂದಿಗೆ ಬಂದು, ಉಸಿರು ನಿಲ್ಲುವ ಬಗೆಯನ್ನು ತಾವೇ ವಿವರಿಸುವುದು ಒಳ್ಳೆಯದು. ರಾತ್ರಿಯಿಡೀ ನಡೆಸುವ ನಿದ್ರಾ ಪರೀಕ್ಷೆಯಿಂದ ವಿಧವನ್ನು ನಿರ್ಧರಿಸಲಾಗುತ್ತದೆ. ಪರೀಕ್ಷೆಗೆ ಬರುವಾಗ ಎಕೋ ವರದಿಯನ್ನೂ ಸೇವಿಸುತ್ತಿರುವ ಔಷಧಗಳ ಪಟ್ಟಿಯನ್ನೂ ತರತಕ್ಕದ್ದು.

ಹೃದಯ ವೈಫಲ್ಯದ ಔಷಧಗಳನ್ನು ಸರಿಯಾಗಿ ಸೇವಿಸುವುದೇ ಚಿಕಿತ್ಸೆಯ ಮೊದಲ ಹೆಜ್ಜೆ. ಅಡಚಣೆಯ ವಿಧಕ್ಕೆ ಮುಖವಾಡದ ಮೂಲಕ ಗಾಳಿಯ ಒತ್ತಡ ನೀಡುವ ಸಿಪ್ಯಾಪ್ ಯಂತ್ರವು ಉಪಯುಕ್ತ. ಆದರೆ ಅಡಾಪ್ಟಿವ್ ಸರ್ವೋ ವೆಂಟಿಲೇಷನ್ ಎಂಬ ಬೇರೊಂದು ಬಗೆಯ ಯಂತ್ರದ ಕುರಿತು 1,325 ರೋಗಿಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಿರೀಕ್ಷೆಗೆ ವಿರುದ್ಧವಾದ ಫಲಿತಾಂಶ ಬಂದಿತು. ಇಜೆಕ್ಷನ್ ಫ್ರ್ಯಾಕ್ಷನ್ ಶೇ. 45 ಅಥವಾ ಅದಕ್ಕಿಂತ ಕಡಿಮೆಯಿದ್ದು, ಪ್ರಧಾನವಾಗಿ ಕೇಂದ್ರೀಯ ವಿಧವಿದ್ದ ಇವರಲ್ಲಿ ಈ ಯಂತ್ರವನ್ನು ಬಳಸಿದವರ ಪೈಕಿ ಹೃದಯ ಸಂಬಂಧಿ ಸಾವುಗಳು ಹೆಚ್ಚಾಗಿದ್ದವು. ಪ್ರತಿ ಬಡಿತಕ್ಕೆ ಹೃದಯದ ಎಡ ಕೆಳಕೋಣೆಯು ಹೊರದೂಡುವ ರಕ್ತದ ಪ್ರಮಾಣವನ್ನು ಸೂಚಿಸುವ ಈ ಅಂಕಿಯು ಎಕೋ ವರದಿಯಲ್ಲಿ ನಮೂದಾಗಿರುತ್ತದೆ. ಆದುದರಿಂದ ಅಂಗಡಿಯವರ ಅಥವಾ ಪರಿಚಿತರ ಸಲಹೆಯ ಮೇರೆಗೆ ಯಂತ್ರವನ್ನು ಖರೀದಿಸಬಾರದು. ಈಗಾಗಲೇ ಬಳಸುತ್ತಿರುವವರು ತಾವಾಗಿಯೇ ನಿಲ್ಲಿಸದೆ, ಯಂತ್ರದ ವಿವರದೊಂದಿಗೆ ಹೃದ್ರೋಗ ತಜ್ಞರನ್ನು ಶೀಘ್ರವಾಗಿ ಕಾಣತಕ್ಕದ್ದು.