ಚಳಿ, ಕತ್ತಲೆ ಮತ್ತು ಜನರೇಟರು

2021ನೆಯ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಮೇಲೆ ಹಿಮದ ಬಿರುಗಾಳಿ ಎರಗಿ, 45 ಲಕ್ಷಕ್ಕೂ ಮಿಕ್ಕ ಮನೆ, ಅಂಗಡಿಗಳಲ್ಲಿ ವಿದ್ಯುಚ್ಛಕ್ತಿ ನಿಂತುಹೋಯಿತು. ಸತ್ತವರು 246 ಮಂದಿಯೆಂದು ಅಲ್ಲಿಯ ಆರೋಗ್ಯ ಇಲಾಖೆಯು ಲೆಕ್ಕ ಕೊಟ್ಟಿತು. ಹೆಚ್ಚಿನವರು ಚಳಿಗೆ ಬಲಿಯಾದರು. ಕೆಲವರು ಚಳಿ ಕಳೆಯಲು ತಾವೇ ಹೂಡಿದ ಉಪಾಯದಿಂದ ಅಸುನೀಗಿದರು. ಡಲ್ಲಾಸ್, ಹ್ಯೂಸ್ಟನ್‌ಗಳಲ್ಲಿ ಕನ್ನಡಿಗರೂ ನೆಲೆಸಿರುವುದರಿಂದ ಇದು ನಮಗೆ ಕೇವಲ ಪರದೇಶದ ಸುದ್ದಿಯಲ್ಲ.

ಜನರೇಟರಿನಿಂದ ಮನೆ ಬೆಚ್ಚಗಿಡುವುದೆಂದರೆ ಅದಕ್ಕೊಂದು ಹೀಟರು ಸಿಕ್ಕಿಸುವುದೆಂದೇ ಹಲವರ ಎಣಿಕೆ. ಲೆಕ್ಕ ಹಾಕಿ ನೋಡೋಣ. ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ಟು ಶಕ್ತಿಯಿದೆ. ಸಣ್ಣ ಜನರೇಟರು ಅದರ ಐದನೆಯ ಒಂದು ಪಾಲನ್ನಷ್ಟೆ ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಉಳಿದುದು ಶಾಖವಾಗಿ ಬಯಲಿಗೆ ಹೋಗುತ್ತದೆ. 1500 ವಾಟಿನ ಹೀಟರು ಒಂದು ಕೋಣೆಯನ್ನು ಗಂಟೆಗಿಂತ ತುಸು ಹೆಚ್ಚು ಹೊತ್ತು ಕಾಯಿಸುವಷ್ಟರಲ್ಲಿ ಲೀಟರು ಖಾಲಿ!

ಕೊಳವೆಯ ಅನಿಲದಿಂದ ಉರಿಯುವ ಕುಲುಮೆಯಿದ್ದ ಮನೆಯ ಮಾತು ಬೇರೆ. ಅಲ್ಲಿ ಶಾಖ ಕೊಡುವುದು ಅನಿಲ. ವಿದ್ಯುತ್ತು ಬೇಕಾದುದು ಅದನ್ನು ಹೊತ್ತಿಸಲು ಮತ್ತು ಬಿಸಿಗಾಳಿಯನ್ನು ಕೋಣೆ ಕೋಣೆಗೆ ತಳ್ಳುವ ಫ್ಯಾನು ತಿರುಗಿಸಲು. ಅದಕ್ಕೆ ಸುಮಾರು 500 ವಾಟು ಸಾಕು, ಹೊರಡುವ ಕ್ಷಣದಲ್ಲಿ ಮಾತ್ರ ಹೆಚ್ಚು ಎಳೆಯುತ್ತದೆ. ಒಂದು ಹೀಟರಿಗೇ ದಣಿಯುವ ಯಂತ್ರವು ಹೀಗೆ ಇಡೀ ಮನೆಯನ್ನು ಬೆಚ್ಚಗಿಡಬಲ್ಲದು. ನನಗಂತೂ ಈ ಜಾಣ್ಮೆ ಬಹಳ ಹಿಡಿಸಿತು. ಆದರೆ ಜೋಡಣೆಯನ್ನು ಬಲ್ಲವರಿಂದ, ಚೇಂಜ್‌ಓವರ್ ಸ್ವಿಚ್ಚಿನ ಮೂಲಕವೇ ಮಾಡಿಸಬೇಕು. ಇಲ್ಲವಾದರೆ ವಿದ್ಯುತ್ತು ಬೀದಿಯ ತಂತಿಗೆ ಹಿಮ್ಮರಳಿ, ಕಂಬವೇರಿದ ಲೈನ್‌ಮನ್ನನ ಪ್ರಾಣಕ್ಕೆ ಎರವಾದೀತು.

ಇನ್ನು ಯಂತ್ರವನ್ನು ಇಡುವ ಜಾಗ. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡೆಂಬ ವಿಷವಾಯುವಿದೆ, ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಇದನ್ನು ಅಪ್ಪಿಕೊಳ್ಳುವುದರಿಂದ, ಉಸಿರಾಡುತ್ತಿದ್ದರೂ ದೇಹಕ್ಕೆ ಪ್ರಾಣವಾಯು ದೊರೆಯುವುದಿಲ್ಲ. ಓದುಬರಹವರಿಯದ ನಮ್ಮ ಅಜ್ಜಿಯು ಕೆಂಡದ ಅಗ್ಗಿಷ್ಟಿಕೆಯಿಟ್ಟ ಕೋಣೆಯ ಕಿಟಕಿಯನ್ನು ಎಂದೂ ಮುಚ್ಚಗೊಡುತ್ತಿರಲಿಲ್ಲ. ಆದರೆ ಜನರೇಟರಿಗೆ ಕಿಟಕಿ ತೆರೆದಿಟ್ಟರೆ ಸಾಲದು. ನೂರಾರು ಕಾರುಗಳು ಉಗುಳುವಷ್ಟು ವಿಷವನ್ನು ಅದೊಂದೇ ಉಗುಳಬಲ್ಲದು. ಬಾಗಿಲು ತೆರೆದ ಮೋಟಾರುಖಾನೆಯೂ ಅಪಾಯವೇ. ಮನೆಯಿಂದ 20 ಅಡಿಯಾದರೂ ದೂರದಲ್ಲಿ, ಹೊಗೆಕೊಳವೆಯನ್ನು ಕಿಟಕಿ ಬಾಗಿಲುಗಳ ಕಡೆಗೆ ತಿರುಗಿಸದೆ ಇಡಬೇಕು. ಮಲಗುವ ಕೋಣೆಯ ಬಳಿ ಈ ವಾಯುವನ್ನು ಪತ್ತೆಮಾಡುವ ಬ್ಯಾಟರಿ ಅಲಾರಮ್ಮಿರಲಿ. ತಲೆನೋವು, ಓಕರಿಕೆ, ಮಂಪರು ಒಟ್ಟಿಗೆ ಬಂದರೆ ಹೊದಿಕೆಯೊಳಗೆ ಮುದುಡಿ ಮಲಗದೆ, ಎಷ್ಟೇ ಚಳಿಯಿದ್ದರೂ ಎಲ್ಲರನ್ನೂ ಎಬ್ಬಿಸಿಕೊಂಡು ಹೊರಗೆ ಬರಬೇಕು.